ಸಿಬಿಲ್ ಸ್ಕೋರ್ ಗಮನಿಸಲು ಹಲವು ದಾರಿ: ಯಾರಿಗೆ ಯಾವುದು ಸರಿ?

"ಆ್ಯಪ್‌ನಲ್ಲಿ 781 ತೋರಿಸುತ್ತಿದೆ, ಬ್ಯಾಂಕಿನವರು 724 ಎನ್ನುತ್ತಾರೆ. ಯಾವುದನ್ನು ನಂಬಬೇಕು?" ಹಣಕಾಸಿನ ವಿಷಯ ಬರೆಯತೊಡಗಿದ ಮೇಲೆ ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಿಬಿಲ್ ಸ್ಕೋರ್ ಎಂದರೆ ನಾವು ಸಾಲ ತೀರಿಸುವ ರೀತಿಗೆ ಸಿಗುವ ಅಂಕ. ಬೆನ್ನಿಗೇ ಇನ್ನೆರಡು ಬರುತ್ತವೆ. ದುಡ್ಡು ಕೊಟ್ಟು ವರ್ಷದ ಚಂದಾ ತೆಗೆದುಕೊಳ್ಳಬೇಕೆ? ಪದೇ ಪದೇ ನೋಡಿದರೆ ಅಂಕ ಇಳಿಯುತ್ತದೆಯೆ?

ಕೊನೆಯ ಪ್ರಶ್ನೆಯ ಭಯವನ್ನು ಮೊದಲು ಕಳೆಯೋಣ. ನಿಮ್ಮ ಸಾಲದ ಚರಿತ್ರೆಯ ವರದಿಯನ್ನು ನೀವೇ ಎಷ್ಟು ಸಲ ನೋಡಿದರೂ ಅಂಕ ಇಳಿಯುವುದಿಲ್ಲ. ನೀವು ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ತೆಗೆಯುವ ವರದಿ ಮಾತ್ರ ಎನ್‌ಕ್ವೈರಿ ಎಂದು ದಾಖಲಾಗುತ್ತದೆ. ಅಂಥವು ಕಡಿಮೆ ಅವಧಿಯಲ್ಲಿ ಮೇಲಿಂದ ಮೇಲೆ ಬಿದ್ದರೆ ಅಂಕಕ್ಕೆ ಪೆಟ್ಟು ಬೀಳುತ್ತದೆ.

ಇನ್ನು 781 ಮತ್ತು 724ರ ವಿಷಯ. ನಾವೆಲ್ಲ ಸಿಬಿಲ್ ಎಂದು ಕರೆದರೂ ಸಾಲದ ಚರಿತ್ರೆ ಇಟ್ಟುಕೊಳ್ಳುವ ಸಂಸ್ಥೆಗಳು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ನಾಲ್ಕೂ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದು ನಡೆಯುತ್ತವೆ. ನಾಲ್ಕೂ 300ರಿಂದ 900ರ ನಡುವೆ ಅಂಕ ಕೊಡುತ್ತವೆ, ಆದರೆ ಲೆಕ್ಕ ಹಾಕುವ ಸೂತ್ರ ಒಬ್ಬೊಬ್ಬರದು ಒಂದೊಂದು. ಸಾಲ ಕೊಡುವ ಸಂಸ್ಥೆಗಳು ನಾಲ್ಕೂ ಕಡೆ ಸದಸ್ಯರಾಗಿರಬೇಕೆಂದು 2015ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದ್ದರೂ, ಒಂದು ಕಡೆ ಸೇರಿದ ಕಂತು ಇನ್ನೊಂದು ಕಡೆ ತಡವಾಗಿ ಸೇರುತ್ತದೆ, ಕೆಲವೊಮ್ಮೆ ಹೆಸರು ಹೊಂದದೆ ಉಳಿದೇ ಹೋಗುತ್ತದೆ. ಹಾಗಾಗಿ ಎರಡು ಅಂಕಗಳೂ ಸುಳ್ಳಲ್ಲ. ನಿಮಗೆ ಬೇಕಾದದ್ದು, ನೀವು ಸಾಲ ಕೇಳಲಿರುವ ಬ್ಯಾಂಕ್ ಯಾವ ಸಂಸ್ಥೆಯ ವರದಿ ನೋಡುತ್ತದೆ ಎಂಬ ಮಾಹಿತಿ. ಅದನ್ನು ಅರ್ಜಿ ಹಾಕುವ ಮೊದಲೇ ಶಾಖೆಯಲ್ಲಿ ಕೇಳಿ.

ಯಾವುದರಿಂದ ಅಳೆಯಬೇಕು

ದಾರಿಗಳನ್ನು ಹೋಲಿಸುವಾಗ ಬೆಲೆಗಿಂತ ಮೊದಲು ನಾನು ನೋಡುವುದು ಒಂದನ್ನು: ಅಂಕ ಮಾತ್ರ ಸಿಗುತ್ತದೆಯೇ, ಪೂರ್ತಿ ವರದಿ ಸಿಗುತ್ತದೆಯೇ? ಅಂಕ ಇಳಿದಿದೆ ಎಂಬುದಷ್ಟೇ ಗೊತ್ತಾದರೆ ಮಾಡಲು ಏನೂ ಇಲ್ಲ. ಏಕೆ ಇಳಿಯಿತು, ಯಾವ ಖಾತೆಯಲ್ಲಿ, ಯಾವ ತಿಂಗಳಲ್ಲಿ ಎಂಬುದು ವರದಿಯಲ್ಲಿದೆ. ಎರಡನೆಯದು, ಬದಲಾವಣೆ ಆದಾಗ ಅದು ತಾನಾಗಿ ನಿಮಗೆ ತಿಳಿಯುತ್ತದೆಯೇ, ನೀವೇ ನೆನಪಿಟ್ಟು ನೋಡಬೇಕೇ. ಮೂರನೆಯದು, ನಾಲ್ಕು ಸಂಸ್ಥೆಗಳಲ್ಲಿ ಎಷ್ಟನ್ನು ಅದು ತೋರಿಸುತ್ತದೆ. ನಾಲ್ಕನೆಯದು ಬೆಲೆ. ಇದರಲ್ಲಿ ರೂಪಾಯಿಯ ಜೊತೆಗೆ ನೀವು ಒಪ್ಪಿಸುವ ವೈಯಕ್ತಿಕ ಮಾಹಿತಿಯೂ ಸೇರಿದೆ. ತಪ್ಪು ಕಂಡರೆ ಅಲ್ಲಿಂದಲೇ ದೂರು ಕೊಡಬಹುದೇ ಎಂಬುದು ಕೊನೆಯದಾದರೂ, ತಪ್ಪು ಸಿಕ್ಕವರಿಗೆ ಅದೇ ಎಲ್ಲಕ್ಕಿಂತ ದೊಡ್ಡದು.

ವರ್ಷಕ್ಕೊಂದು ಉಚಿತ ವರದಿ

ಇದು ನಮ್ಮ ಹಕ್ಕು. 2017ರಿಂದ ನಾಲ್ಕೂ ಸಂಸ್ಥೆಗಳು ಪ್ರತಿಯೊಬ್ಬರಿಗೂ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಅಂಕಸಹಿತ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅಂದರೆ ವರ್ಷಕ್ಕೆ ನಾಲ್ಕು ವರದಿ, ಖರ್ಚು ಸೊನ್ನೆ. ಆಯಾ ಸಂಸ್ಥೆಯ ಜಾಲತಾಣಕ್ಕೆ ಹೋಗಿ ಪ್ಯಾನ್, ಜನ್ಮದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟು, ಒಟಿಪಿ ಹಾಕಿದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಎಕ್ಸ್‌ಪೀರಿಯನ್ ವಾಟ್ಸ್‌ಆ್ಯಪ್ ಮೂಲಕವೂ ಕೊಡುತ್ತದೆ. ಜಾಲತಾಣದಲ್ಲಿ ಉಚಿತ ವರದಿಯ ಕೊಂಡಿ ಎದ್ದು ಕಾಣುವಂತಿರಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಆದರೂ ದಾರಿಯಲ್ಲಿ ಹಣ ಕೊಡುವ ಯೋಜನೆಗಳ ಪುಟ ಎದುರಾದರೆ ಗಾಬರಿ ಬೇಡ, ಅದನ್ನು ದಾಟಿ ಮುಂದೆ ಹೋಗಿ.

ನಾಲ್ಕನ್ನೂ ಒಂದೇ ದಿನ ತೆಗೆಯಬೇಕೆ, ಮೂರು ತಿಂಗಳಿಗೊಂದರಂತೆ ಹಂಚಿಕೊಳ್ಳಬೇಕೆ? ಎರಡಕ್ಕೂ ಅರ್ಥವಿದೆ. ಒಟ್ಟಿಗೆ ತೆಗೆದರೆ ಪಕ್ಕಪಕ್ಕ ಇಟ್ಟು ಹೋಲಿಸಬಹುದು, ಒಂದರಲ್ಲಿ ಮುಗಿದ ಸಾಲ ಇನ್ನೊಂದರಲ್ಲಿ ಚಾಲ್ತಿಯಲ್ಲಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ಆಮೇಲೆ ವರ್ಷವಿಡೀ ಕೈ ಖಾಲಿ. ಹಂಚಿಕೊಂಡರೆ ಜನವರಿಯಲ್ಲಿ ಸಿಬಿಲ್, ಏಪ್ರಿಲ್‌ನಲ್ಲಿ ಕ್ರಿಫ್, ಹೀಗೆ ವರ್ಷವಿಡೀ ಒಂದು ಕಣ್ಣು ಇದ್ದೇ ಇರುತ್ತದೆ. ಈವರೆಗೆ ಒಮ್ಮೆಯೂ ವರದಿ ನೋಡದವರು ಮೊದಲ ವರ್ಷ ನಾಲ್ಕನ್ನೂ ಒಟ್ಟಿಗೆ ತೆಗೆಯಲಿ, ಮುಂದಿನ ವರ್ಷದಿಂದ ಹಂಚಿಕೊಳ್ಳಲಿ ಎಂಬುದು ನನ್ನ ಸಲಹೆ.

ಮೊದಲ ಬಾರಿ ತೆಗೆದಾಗ ಅಂಕದ ಮೇಲೆ ಕಣ್ಣು ನೆಡದೆ ಕೆಳಗಿಳಿಯಿರಿ. ಹೆಸರು, ಜನ್ಮದಿನಾಂಕ, ಪ್ಯಾನ್ ಸರಿಯಿದೆಯೇ? ನಮ್ಮಲ್ಲಿ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರು. ಇದರಿಂದ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರುವ ಸಾಧ್ಯತೆ ನಿಜವಾಗಿಯೂ ಇದೆ. ವಿಳಾಸ ಮತ್ತು ಫೋನ್ ಸಂಖ್ಯೆಗಳ ಪಟ್ಟಿಯಲ್ಲಿ ನಿಮ್ಮದಲ್ಲದ ಸಂಖ್ಯೆ ಕಂಡರೆ ಅದನ್ನು ಲಘುವಾಗಿ ಬಿಡಬೇಡಿ, ನಿಮ್ಮ ಪ್ಯಾನ್ ಬಳಸಿ ಯಾರೋ ಅರ್ಜಿ ಹಾಕಿರಬಹುದು. ಖಾತೆಗಳ ಪಟ್ಟಿಯಲ್ಲಿ ಅಪರಿಚಿತ ಕಂಪನಿಯ ಹೆಸರಿದ್ದರೆ, ಮೊಬೈಲ್ ಆ್ಯಪ್ ಒಂದರಿಂದ ಕಂತಿನಲ್ಲಿ ಏನಾದರೂ ಕೊಂಡಿದ್ದಿರಾ ಎಂದು ಮೊದಲು ನೆನಪಿಸಿಕೊಳ್ಳಿ. ಆ್ಯಪ್‌ನ ಹೆಸರು ಒಂದು, ಹಿಂದೆ ನಿಂತು ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು ಇನ್ನೊಂದು. ವರದಿಯಲ್ಲಿ ಬರುವುದು ಎರಡನೆಯದು.

ಆಮೇಲೆ ತಿಂಗಳುಗಳ ಚೌಕಗಳಿಗೆ ಬನ್ನಿ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಪಾವತಿ ಕಾಣುತ್ತದೆ. ಕಂತು ಎಷ್ಟು ದಿನ ತಡವಾಯಿತು ಎಂಬುದನ್ನು ಡಿಪಿಡಿ ಎಂದು ಬರೆಯುತ್ತಾರೆ. 000 ಇದ್ದರೆ ತಡವಿಲ್ಲ, 030 ಎಂದರೆ ಮೂವತ್ತು ದಿನ ತಡ, ಎಕ್ಸ್‌ಎಕ್ಸ್‌ಎಕ್ಸ್ ಎಂದರೆ ಆ ತಿಂಗಳ ಮಾಹಿತಿ ಬಂದಿಲ್ಲ. 'ಸೆಟಲ್ಡ್' ಎಂಬ ಪದ ಕಂಡು ಸಾಲ ತೀರಿತು ಎಂದು ನೆಮ್ಮದಿಪಡುವವರು ಬಹಳ. ಒಟಿಎಸ್‌ನಲ್ಲಿ (ಬ್ಯಾಂಕಿನೊಡನೆ ಒಂದೇ ಸಲದ ಇತ್ಯರ್ಥದಲ್ಲಿ) ಪೂರ್ತಿಗಿಂತ ಕಡಿಮೆ ಕಟ್ಟಿ ಮುಗಿಸಿದ ಸಾಲಕ್ಕೆ ಬೀಳುವ ಗುರುತು ಅದು, ಮುಂದೆ ಸಾಲ ಕೊಡುವವರು ಅದನ್ನು ಅನುಮಾನದಿಂದಲೇ ನೋಡುತ್ತಾರೆ. ಪೂರ್ತಿ ಕಟ್ಟಿದ ಸಾಲ 'ಕ್ಲೋಸ್ಡ್' ಎಂದಿರಬೇಕು. ನೀವು ಯಾರಿಗಾದರೂ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲೇ ಇರುತ್ತದೆ. ಅವರು ಸುಸ್ತಿದಾರರಾದರೆ ಕಲೆ ನಿಮಗೂ ಅಂಟುತ್ತದೆ.

ಈ ದಾರಿಯ ಕೊರತೆ ಏನೆಂದರೆ, ನೀವು ನೋಡಿದ ದಿನದ ಚಿತ್ರವಷ್ಟೇ ಸಿಗುತ್ತದೆ. ನೋಡಿದ ಮರುವಾರ ನಡೆದದ್ದು ಗೊತ್ತಾಗುವುದು ಮುಂದಿನ ವರದಿಯಲ್ಲಿ. ಈ ಕೊರತೆಯನ್ನು ಮುಂದಿನ ದಾರಿ ತುಂಬುತ್ತದೆ, ಅದೂ ಉಚಿತವಾಗಿ.

ಯಾರೂ ಹೇಳದ ಕಾವಲುಗಾರ: ಎಸ್‌ಎಂಎಸ್

2023ರ ಅಕ್ಟೋಬರ್ 26ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಗಳು ಸಾಮಾನ್ಯ ಸಾಲಗಾರನ ಮಟ್ಟಿಗೆ ಬಹಳ ದೊಡ್ಡವು, ಆದರೆ ಅವು ಜನರಿಗೆ ತಲುಪಿಲ್ಲ ಎಂಬ ಸಂಕಟ ನನಗಿದೆ. ಆ ನಿಯಮಗಳ ಪ್ರಕಾರ ಯಾವುದೇ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ನಿಮ್ಮ ವರದಿಯನ್ನು ತೆರೆದಾಗ, ವರದಿ ಕೊಟ್ಟ ಸಂಸ್ಥೆ ನಿಮಗೆ ಎಸ್‌ಎಂಎಸ್ ಅಥವಾ ಇಮೇಲ್ ಕಳುಹಿಸಬೇಕು. ನಿಮ್ಮ ಕಂತು ತಪ್ಪಿದೆ ಎಂದು ಬ್ಯಾಂಕ್ ವರದಿ ಮಾಡುವಾಗಲೂ ನಿಮಗೆ ತಿಳಿಸಬೇಕು.

ಯೋಚಿಸಿ ನೋಡಿ. ನಿಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ಎತ್ತಲು ಹೊರಟರೆ ಸಾಲ ಕೊಡುವವರು ಮೊದಲು ತೆಗೆಯುವುದು ವರದಿಯನ್ನೇ. ಆ ಕ್ಷಣದ ಸಂದೇಶ ನಿಮಗೆ ತಲುಪಿದರೆ, ಹಣ ಕೈಬದಲಾಗುವ ಮೊದಲೇ ತಡೆಯಲು ಅವಕಾಶವಿದೆ. ದುಡ್ಡು ತೆಗೆದುಕೊಂಡು ಕೊಡುವ ಎಚ್ಚರಿಕೆ ಸೇವೆಯ ತಿರುಳೂ ಬಹುಮಟ್ಟಿಗೆ ಇದೇ.

ಷರತ್ತು ಒಂದೇ: ವರದಿ ಕೊಡುವ ಸಂಸ್ಥೆಗಳ ಬಳಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆ ಇರಬೇಕು. ಆ ಸಂಖ್ಯೆ ಅವರಿಗೆ ಹೋಗುವುದು ನಿಮ್ಮ ಬ್ಯಾಂಕುಗಳ ಮೂಲಕ. ಸಂಖ್ಯೆ ಬದಲಾಯಿಸಿದವರು ಸಂಬಳದ ಖಾತೆಯಲ್ಲಿ ಮಾತ್ರ ಹೊಸದನ್ನು ಕೊಟ್ಟು ಸುಮ್ಮನಾಗುತ್ತಾರೆ. ಹಳೆಯ ಕ್ರೆಡಿಟ್ ಕಾರ್ಡ್, ಬೈಕ್ ಸಾಲ, ಚಿನ್ನದ ಸಾಲ ಎಲ್ಲ ಕಡೆಯೂ ಬದಲಾಯಿಸಿ. ಈ ಲೇಖನ ಓದಿ ನೀವು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ಸಂದೇಶ ಬಂದಾಗ ಅದರೊಳಗಿನ ಕೊಂಡಿಯನ್ನು ಒತ್ತಬೇಡಿ, ಅದೇ ರೂಪದ ವಂಚನೆಯ ಸಂದೇಶಗಳೂ ಬರಬಹುದು. ಸಂಸ್ಥೆಯ ಜಾಲತಾಣವನ್ನು ನೀವೇ ತೆರೆದು ನೋಡಿ.

ಉಚಿತ ಆ್ಯಪ್‌ಗಳು

ಪೈಸಾಬಜಾರ್, ಒನ್‌ಸ್ಕೋರ್, ಕ್ರೆಡ್, ಪೇಟಿಎಂ, ಗೂಗಲ್ ಪೇ ಮುಂತಾದವು ಅಂಕವನ್ನು ಉಚಿತವಾಗಿ, ತಿಂಗಳು ತಿಂಗಳು ತೋರಿಸುತ್ತವೆ. ಹಲವು ಬ್ಯಾಂಕುಗಳ ಆ್ಯಪ್‌ಗಳಲ್ಲೂ ಈ ಸೌಲಭ್ಯವಿದೆ. ಸುಲಭ, ಸುಂದರ, ಯಾವ ಕಂತಿನಿಂದ ಅಂಕ ಏರಿತು ಎಂದು ಚಿತ್ರ ಸಮೇತ ತೋರಿಸುವವೂ ಇವೆ. ಸಾಲದ ಶಿಸ್ತು ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಇದು ನಿಜವಾಗಿಯೂ ಒಳ್ಳೆಯದು.

ಆದರೆ ನನ್ನ ಅಳತೆಗೋಲಿನ ನಾಲ್ಕನೆಯ ಗುರುತು ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಆ್ಯಪ್‌ಗಳಲ್ಲಿ ಹೆಚ್ಚಿನವು ಸಾಲ ಮತ್ತು ಕಾರ್ಡ್ ಮಾರಿ ಬದುಕುವಂಥವು. ಅಂಕದ ಪಕ್ಕದಲ್ಲೇ 'ನಿಮಗೆ ಪೂರ್ವಾನುಮೋದಿತ ಸಾಲ' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ ಎರಡು ಪುಟ ದಾಟಿದರೆ ಅದು ಅರ್ಜಿಯಾಗುತ್ತದೆ, ಎನ್‌ಕ್ವೈರಿ ಬೀಳುತ್ತದೆ. ಅಂಕ ಕಾಯಲು ಹೋಗಿ ಅಂಕ ಕಳೆದುಕೊಂಡಂತೆ. ನೋಂದಣಿಯ ಸಮಯದಲ್ಲಿ ಕೊಡುವ ಒಪ್ಪಿಗೆಯಲ್ಲಿ ಎಷ್ಟು ಕಾಲ ನಿಮ್ಮ ವರದಿ ತರಿಸಿಕೊಳ್ಳಬಹುದು, ಕರೆ ಮಾಡಬಹುದೇ ಎಂದು ಬರೆದಿರುತ್ತದೆ. ಅದನ್ನು ಓದದೆ ಟಿಕ್ ಮಾಡುವುದೆಂದರೆ ನಿಮ್ಮ ಸಾಲದ ಪಟ್ಟಿಯನ್ನೇ ಅವರ ಮಾರಾಟಗಾರರ ಕೈಗೆ ಇಟ್ಟಂತೆ.

ಇನ್ನೊಂದು, ಆ್ಯಪ್ ತೋರಿಸುವುದು ಒಂದೆರಡು ಸಂಸ್ಥೆಗಳ ಅಂಕ. ಯಾವುದರದು ಎಂಬುದನ್ನು ಪುಟದ ಮೂಲೆಯಲ್ಲಿ ಹುಡುಕಿ. ಹಾಗಾಗಿ ಆ್ಯಪ್ ಬೇಕೆಂದರೆ ಒಂದೇ ಒಂದು ಇಟ್ಟುಕೊಳ್ಳಿ. ಸಾಧ್ಯವಾದರೆ ನಿಮ್ಮ ಬ್ಯಾಂಕಿನದೇ ಇರಲಿ, ನಿಮ್ಮ ವಿವರ ಹೇಗೂ ಅಲ್ಲಿದೆ, ಹೊಸಬರ ಕೈಗೆ ಹೋಗುವುದು ತಪ್ಪುತ್ತದೆ.

ಹಣ ಕೊಟ್ಟು ಪಡೆಯುವ ಚಂದಾ

ಸಿಬಿಲ್‌ನಂಥ ಸಂಸ್ಥೆಗಳು ತಿಂಗಳು, ಆರು ತಿಂಗಳು, ವರ್ಷದ ಚಂದಾ ಕೊಡುತ್ತವೆ. ಬೆಲೆ ಆಗಾಗ ಬದಲಾಗುತ್ತದೆ. ಸಿಗುವುದೇನು? ಮತ್ತೆ ಮತ್ತೆ ಹೊಸ ವರದಿ, ಬದಲಾವಣೆಯ ಎಚ್ಚರಿಕೆ, ಹೀಗೆ ಮಾಡಿದರೆ ಅಂಕ ಎಷ್ಟಾಗಬಹುದು ಎಂಬ ಅಂದಾಜು. ಆದರೆ ಅದು ಆ ಒಂದು ಸಂಸ್ಥೆಯ ಮಟ್ಟಿಗೆ ಮಾತ್ರ. ಉಳಿದ ಮೂರರಲ್ಲಿ ಏನಾಗುತ್ತಿದೆ ಎಂದು ಅದು ಹೇಳುವುದಿಲ್ಲ.

ದಿನವೂ ನೋಡಬಹುದು ಎಂಬ ಆಕರ್ಷಣೆಗೆ ಮರುಳಾಗುವ ಮುನ್ನ ಒಂದು ಸಂಗತಿ ತಿಳಿದಿರಲಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕು ಎಂಬ ನಿಯಮ ಬಂತು, ಮೊದಲು ಅದು ತಿಂಗಳಿಗೊಮ್ಮೆ ಇತ್ತು. ಮಾಹಿತಿಯೇ ಕಂತು ಕಂತಾಗಿ ಬರುವಾಗ ಬೆಳಿಗ್ಗೆ ಸಂಜೆ ನೋಡಿ ಫಲವಿಲ್ಲ.

ನನ್ನ ಲೆಕ್ಕದಲ್ಲಿ ಚಂದಾ ಹಣಕ್ಕೆ ಬೆಲೆ ಬರುವುದು ಎರಡು ಸಂದರ್ಭದಲ್ಲಿ. ಮೊದಲನೆಯದು, ಆರು ತಿಂಗಳೊಳಗೆ ದೊಡ್ಡ ಗೃಹಸಾಲ ತೆಗೆಯಲಿದ್ದೀರಿ, ನಿಮ್ಮ ಬ್ಯಾಂಕ್ ಸಿಬಿಲ್ ಅಂಕ ನೋಡಿ ಬಡ್ಡಿ ನಿಗದಿಪಡಿಸುತ್ತದೆ, ನಿಮ್ಮ ಅಂಕ ಗಡಿಯ ಆಸುಪಾಸಿನಲ್ಲಿದೆ. ಭಾರತೀಯ ಸ್ಟೇಟ್ ಬ್ಯಾಂಕ್ ಸೇರಿ ಹಲವು ಬ್ಯಾಂಕುಗಳಲ್ಲಿ ಗೃಹಸಾಲದ ಬಡ್ಡಿ ಅಂಕಕ್ಕೆ ತಕ್ಕಂತೆ ಬದಲಾಗುತ್ತದೆ. ₹40 ಲಕ್ಷದ ಸಾಲದಲ್ಲಿ ಕಾಲು ಶೇಕಡಾ ಕಡಿಮೆಯಾದರೂ ಮೊದಲ ವರ್ಷವೇ ಸುಮಾರು ₹10,000 ಉಳಿಯುತ್ತದೆ. ಅಂಥವರು ಆರು ತಿಂಗಳ ಚಂದಾ ತೆಗೆದುಕೊಳ್ಳುವುದು ದುಂದಲ್ಲ. ಎರಡನೆಯದು, ನಿಮ್ಮ ಪ್ಯಾನ್ ಈಗಾಗಲೇ ದುರ್ಬಳಕೆಯಾಗಿದೆ, ದೂರು ನಡೆಯುತ್ತಿದೆ. ಉಳಿದವರು ಹಣ ಉಳಿಸಿಕೊಳ್ಳಿ. ಉಚಿತ ವರದಿ ಮುಗಿದು ಇನ್ನೊಂದೇ ಒಂದು ಬೇಕೆಂದರೂ, ವರದಿಗೆ ₹100ರವರೆಗೆ ಮಾತ್ರ ಶುಲ್ಕ ಪಡೆಯಬಹುದು ಎಂದು ಕೇಂದ್ರ ಹಣಕಾಸು ಸಚಿವಾಲಯ 2025ರಲ್ಲಿ ಸಂಸತ್ತಿಗೆ ತಿಳಿಸಿದೆ.

ಪರಿಚಯದ ಮ್ಯಾನೇಜರ್ ಅಥವಾ ಸಾಲದ ಏಜೆಂಟರಿಂದ 'ಸುಮ್ಮನೆ ಒಮ್ಮೆ ನೋಡಿಸುವ' ರೂಢಿ ನಮ್ಮ ಊರುಗಳಲ್ಲಿದೆ. ಬೇಡ. ಅದು ಎನ್‌ಕ್ವೈರಿಯಾಗಿ ದಾಖಲಾಗಬಹುದು, ನಿಮ್ಮ ಪ್ಯಾನ್ ಪ್ರತಿ ಎಲ್ಲೆಲ್ಲಿ ಉಳಿಯುತ್ತದೋ ತಿಳಿಯದು. ಸೈಬರ್ ಕೇಂದ್ರದಲ್ಲಿ ತೆಗೆಸುವವರು ಮುದ್ರಿಸಿಕೊಂಡ ಮೇಲೆ ಆ ಕಂಪ್ಯೂಟರಿನಿಂದ ಕಡತವನ್ನು ಅಳಿಸಿಸಿ, ಲಾಗ್ ಔಟ್ ಆಗಿಯೇ ಎದ್ದೇಳಿ.

ನಿಮ್ಮ ಸ್ಥಿತಿಗೆ ಯಾವುದು

ಸಾಲವೇ ಇಲ್ಲದವರು, ಈಗಷ್ಟೇ ಕೆಲಸಕ್ಕೆ ಸೇರಿದವರು ಅಂಕದ ಬದಲು ಎನ್‌ಎಚ್ ಎಂದು ಕಂಡರೆ ಹೆದರಬೇಕಿಲ್ಲ, ಚರಿತ್ರೆ ಇಲ್ಲ ಎಂದಷ್ಟೇ ಅದರ ಅರ್ಥ. ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದು ಎಂಬುದೂ ಸರ್ಕಾರ ಸ್ಪಷ್ಟಪಡಿಸಿದ ಮಾತು. ಇವರಿಗೆ ವರ್ಷಕ್ಕೊಂದು ವರದಿ ಸಾಕು. ಬ್ಯಾಂಕ್ ನೌಕರಿಯ ಪರೀಕ್ಷೆ ಬರೆಯುತ್ತಿರುವವರು ಮಾತ್ರ ಶಿಕ್ಷಣ ಸಾಲದ ಕಂತನ್ನು ಗಮನಿಸುತ್ತಿರಬೇಕು. ಈ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳಲ್ಲಿ ಸೇರ್ಪಡೆಯ ಹೊತ್ತಿಗೆ ಸಾಲದ ಚರಿತ್ರೆ ಚೆನ್ನಾಗಿರಬೇಕು ಎಂಬ ಷರತ್ತು ಇರುತ್ತದೆ.

ಕ್ರೆಡಿಟ್ ಕಾರ್ಡ್, ಕಾರು ಸಾಲ, ಗೃಹಸಾಲ ಎಲ್ಲ ಇರುವ ಸಂಬಳದಾರರಿಗೆ ನಾಲ್ಕು ಉಚಿತ ವರದಿಗಳನ್ನು ಹಂಚಿಕೊಳ್ಳುವುದು, ಜೊತೆಗೆ ಎಲ್ಲ ಕಡೆ ಸರಿಯಾದ ಮೊಬೈಲ್ ಸಂಖ್ಯೆ. ಜಾಮೀನು ಹಾಕಿದವರಿಗೂ ಇದೇ, ಆದರೆ ಅವರು ಮೂರು ತಿಂಗಳಿಗೊಮ್ಮೆ ನೋಡುವುದನ್ನು ತಪ್ಪಿಸಲೇಬಾರದು.

ಸಂಘದ ಸಾಲ ತೆಗೆದ ಹೆಣ್ಣುಮಕ್ಕಳ ಬಗ್ಗೆ ಯಾವ ಮಾರ್ಗದರ್ಶಿಯೂ ಹೆಚ್ಚು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೈಕ್ರೋಫೈನಾನ್ಸ್ ಕಂಪನಿಗಳ ಕಿರುಕುಳ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಒಂದು ಸಂಕಟ, 'ಬೇರೆಯವರಿಗೆ ಬೇಕೆಂದು ನನ್ನ ಹೆಸರಿನಲ್ಲಿ ತೆಗೆದುಕೊಟ್ಟೆ'. ಅಂಥ ಸಾಲ ಯಾರ ಕೈ ಸೇರಿದ್ದರೂ ವರದಿಯಲ್ಲಿ ಇರುವುದು ಸಹಿ ಹಾಕಿದವಳ ಹೆಸರಿನಲ್ಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಅಡಮಾನವಿಲ್ಲದ ಸಾಲ ಮೈಕ್ರೋಫೈನಾನ್ಸ್ ಸಾಲ. ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ಮೀರಬಾರದು. ಈ ಲೆಕ್ಕವನ್ನು ಸಾಲ ಕೊಡುವವರು ಹಾಕುವುದು ವರದಿ ನೋಡಿಯೇ. ಹಾಗಾಗಿ ನೀವು ತೆಗೆಯದ ಸಾಲ ಅದರಲ್ಲಿ ಸೇರಿದ್ದರೂ ಕಷ್ಟ, ತೀರಿಸಿದ ಸಾಲ ಉಳಿದಿದ್ದರೂ ಕಷ್ಟ.

ಇವರು ಮೊದಲು ನೋಡಬೇಕಾದದ್ದು ಕ್ರಿಫ್ ಹೈ ಮಾರ್ಕ್ ವರದಿ, ಆಮೇಲೆ ಈಕ್ವಿಫ್ಯಾಕ್ಸ್. ಮೈಕ್ರೋಫೈನಾನ್ಸ್ ಸಾಲದ ಮಾಹಿತಿಯಲ್ಲಿ ಈ ಎರಡು ಬಹುಕಾಲದಿಂದ ಕೆಲಸ ಮಾಡಿವೆ. ಸಾಲ ಪಡೆಯುವಾಗ ಕೊಟ್ಟ ಗುರುತಿನ ಚೀಟಿಯ ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳಿ, ಪ್ಯಾನ್ ಕೊಡದೆ ಪಡೆದ ಸಾಲಗಳು ಪ್ಯಾನ್ ಹಾಕಿ ಹುಡುಕಿದಾಗ ಸಿಗದೇ ಹೋಗಬಹುದು. ಸಂಘದ ಪುಸ್ತಕದಲ್ಲಿ ಯಾರ ಮೊಬೈಲ್ ಸಂಖ್ಯೆ ಬರೆಸಿದ್ದೀರಿ ಎಂದೂ ನೋಡಿ. ಗಂಡನದೋ, ಏಜೆಂಟನದೋ ಆಗಿದ್ದರೆ ಎಚ್ಚರಿಕೆಯ ಸಂದೇಶ ನಿಮಗೆ ಬರುವುದಿಲ್ಲ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಒಂದು ಸಂಜೆ ಕುಳಿತು ಅಮ್ಮನ ವರದಿಯನ್ನು ತೆಗೆದುಕೊಡಿ, ಸಾಲು ಸಾಲಾಗಿ ಓದಿ ಹೇಳಿ.

ಹೊರದೇಶದಲ್ಲಿರುವವರದು ಬೇರೆ ತೊಡಕು. ಅಲ್ಲಿಯ ಅಂಕಕ್ಕೂ ಇಲ್ಲಿಯ ಅಂಕಕ್ಕೂ ಸಂಬಂಧವಿಲ್ಲ. ಊರಿನ ಮನೆ ಸಾಲದ ಕಂತು ತಪ್ಪಿದರೆ ತಿಳಿಯುವುದು ಭಾರತದ ಮೊಬೈಲ್ ಸಂಖ್ಯೆ ಜೀವಂತವಾಗಿದ್ದರೆ. ಒಟಿಪಿಯೂ ಅದಕ್ಕೇ. ಸಿಮ್ ಕಾರ್ಡ್ ನಿಂತುಹೋಗದಂತೆ ರೀಚಾರ್ಜ್ ಮಾಡಿಸುತ್ತಿರುವುದು ಇವರ ಮಟ್ಟಿಗೆ ಅತಿ ಅಗ್ಗದ ಕಾವಲು.

ತಪ್ಪು ಸಿಕ್ಕರೆ

ಯಾವ ದಾರಿಯಿಂದ ಪತ್ತೆಯಾದರೂ ದೂರು ಕೊಡಬೇಕಾದದ್ದು ಆ ವರದಿ ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ, ಜೊತೆಗೆ ಸಾಲ ಕೊಟ್ಟ ಬ್ಯಾಂಕಿನಲ್ಲಿ. ದೂರಿಗೆ ಶುಲ್ಕವಿಲ್ಲ. ಬೇಬಾಕಿ ಪತ್ರ, ಕಂತಿನ ರಸೀದಿ ಲಗತ್ತಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಂಸ್ಥೆ ತಾನಾಗಿ ಏನನ್ನೂ ಅಳಿಸುವಂತಿಲ್ಲ, ಬ್ಯಾಂಕ್ ಒಪ್ಪಿದ ಮೇಲೆಯೇ ತಿದ್ದುತ್ತದೆ. ಹಾಗಾಗಿ 'ಹಣ ಕೊಡಿ, ಸಿಬಿಲ್ ಸರಿ ಮಾಡಿಸುತ್ತೇವೆ' ಎಂದು ಫೋನ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಸುಸ್ತಿಯನ್ನು ಯಾರೂ ಅಳಿಸಲಾರರು, ಸುಳ್ಳು ದಾಖಲೆಯನ್ನು ನೀವೇ ಉಚಿತವಾಗಿ ತಿದ್ದಿಸಬಹುದು.

ದೂರು ಕೊಟ್ಟ 30 ದಿನಗಳಲ್ಲಿ ಪರಿಹಾರ ಸಿಗಬೇಕು. ಅದರಲ್ಲಿ ಬ್ಯಾಂಕಿಗೆ 21 ದಿನ. ಗಡುವು ಮೀರಿದರೆ ತಡವಾದ ಪ್ರತಿ ದಿನಕ್ಕೆ ₹100 ಪರಿಹಾರ ನಿಮಗೆ ಸಲ್ಲಬೇಕು, ತಡ ಯಾರಿಂದ ಆಯಿತೋ ಅವರೇ ಕೊಡಬೇಕು. ಆಗಲೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್‌ನಿಂದ ಈ ನಾಲ್ಕು ಸಂಸ್ಥೆಗಳೂ ಅವರ ವ್ಯಾಪ್ತಿಗೆ ಬಂದಿವೆ. ದೂರನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಸಲ್ಲಿಸಬಹುದು. ಹೇಗೆ ಎಂದು ಗೊತ್ತಾಗದಿದ್ದರೆ 14448ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೂ ವಿಚಾರಿಸಬಹುದು.